ಸೌನಾ: ಎದ್ದು ಬರುವಾಗ ಜೋಪಾನ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಸೌನಾ, ಅಂದರೆ ಮೇಲೆ ಕೆಳಗೆ ಹಾಕಿದ ಹಲಗೆಗಳಲ್ಲಿ ಕೂತು ಬೆವರಿಳಿಸುವ ಬಿಸಿ ಕೋಣೆ, ಹಾಕಿಸಿಕೊಂಡವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಡಾಕ್ಟ್ರೇ, ಒಳಗೆ ಎಷ್ಟು ಹೊತ್ತು ಕೂರಬಹುದು?" ಹೊಸಬರಾದರೆ 5ರಿಂದ 10 ನಿಮಿಷ, ಅಭ್ಯಾಸ ಇದ್ದವರಿಗೆ 15. ಅಷ್ಟೇ, ಮುಗಿಯಿತು. ಹೊರಗೆ ಹೇಗೆ ಬರಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ! ತಲೆಸುತ್ತಿ ಬೀಳುವುದು ಹೆಚ್ಚಾಗಿ ಆಗಲೇ. ಅದಕ್ಕೇ ಇವತ್ತು ನನ್ನದು ಒಂದೇ ಮಾತು. ನಿಧಾನವಾಗಿ ಏಳಿ, ನಿಧಾನವಾಗಿ ಮೈ ತಣಿಸಿಕೊಳ್ಳಿ.

ಕಲ್ಲು ಕಾಯಿಸುವ ಸೌನಾದೊಳಗೆ ಗಾಳಿಯ ಬಿಸಿ 80, 90 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಷ್ಟು ಬಿಸಿ ನೀರು ಮೈಮೇಲೆ ಬಿದ್ದರೆ ಚರ್ಮ ಬೆಂದೇ ಹೋಗುತ್ತದೆ. ಒಣ ಗಾಳಿ ನೋಡಿ, ಬೆವರು ಆರುತ್ತಾ ಇರುತ್ತದೆ, ಹಾಗಾಗಿ ತಡೆದುಕೊಳ್ಳುತ್ತೇವೆ. ಆದರೆ ಮೈಗೆ ಅದು ಸಣ್ಣ ಕೆಲಸ ಅಲ್ಲ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ರಕ್ತ ಆ ಕಡೆ ಹರಿಯುತ್ತದೆ. ಎದೆಬಡಿತ ನಿಮಿಷಕ್ಕೆ 100 ದಾಟುತ್ತದೆ. ಸುಮಾರು ಅರ್ಧ ಲೀಟರ್ ಬೆವರು ಇಳಿದುಹೋಗುತ್ತದೆ. ಇಂಥ ಹೊತ್ತಲ್ಲಿ ದಡಕ್ಕನೆ ಎದ್ದು ನಿಂತರೆ ರಕ್ತ ಕಾಲಿಗಿಳಿದು ಬಿಪಿ ಕುಸಿಯುತ್ತದೆ. ಕಣ್ಣಿಗೆ ಕತ್ತಲೆ.

ನನ್ನ ಹತ್ತಿರ ಬರುವ ಹಿರಿಯರೊಬ್ಬರ ಕತೆ ಹೇಳಲೇಬೇಕು. ಗಟ್ಟಿ ಆಳು. ಅಳಿಯನ ಜೊತೆ ಪಂದ್ಯ ಕಟ್ಟಿದರು, ಯಾರು ಜಾಸ್ತಿ ಹೊತ್ತು ಕೂರುತ್ತಾರೆ ಅಂತ. ಅಳಿಯ ಕೆಳಗಿನ ಹಲಗೆಯಲ್ಲಿ, ಇವರು ಮೇಲಿನದರಲ್ಲಿ. ಬಿಸಿಗಾಳಿ ಮೇಲಕ್ಕೇರುತ್ತದೆ, ಮೇಲಿನ ಹಲಗೆಯಲ್ಲೇ ಸೆಕೆ ಜಾಸ್ತಿ ಅಲ್ವಾ? ಸ್ವಲ್ಪ ಹೊತ್ತಿಗೆ ಅಳಿಯ, "ಸಾಕು ಮಾವ, ಏಳಿ" ಅಂದ. "ನೀನು ಹೋಗಪ್ಪ" ಅಂದರು ಇವರು. ಅವನು ಹೋದ. ಗೆದ್ದೆ ಅಂತ ಇವರು ಇನ್ನಷ್ಟು ಕೂತರು. ಅಷ್ಟರಲ್ಲಿ ಹೊರಗೆ ಫೋನ್ ಬಡಿದುಕೊಂಡಿತು. ಛಂಗನೆ ಎದ್ದರು, ಎರಡು ಹೆಜ್ಜೆ ಹಾಕಿದರು, ಬಾಗಿಲ ಮೇಲೇ ಬಿದ್ದರು. ಪುಣ್ಯಕ್ಕೆ ಅದು ಹೊರಗೆ ತೆರೆಯುವ ಬಾಗಿಲು, ಚಿಲಕವೂ ಇರಲಿಲ್ಲ. ಹೊರಗೆ ಬಂದು ಬಿದ್ದರು. ಒಳಗೇ ಬಿದ್ದಿದ್ದರೆ? ನನ್ನ ಹತ್ತಿರ ಬಂದಾಗ ಹುಬ್ಬಿನ ಮೇಲೆ ಹೊಲಿಗೆ. ಮೂಗಿನ ಎರಡೂ ಪಕ್ಕದಲ್ಲಿ ಕೆಂಪಗೆ ಚಿಕ್ಕ ಚಿಕ್ಕ ಬೊಬ್ಬೆ. ಲೋಹದ ಫ್ರೇಮಿನ ಕನ್ನಡಕ ಹಾಕಿಕೊಂಡೇ ಕೂತಿದ್ದರಂತೆ, ಅದು ಕಾದು ಸುಟ್ಟಿತ್ತು. ಅಷ್ಟಾದರೂ ವಾದ ಬಿಡಲಿಲ್ಲ. "ಡಾಕ್ಟ್ರೇ, ಒಳಗೆ ಕೂತಿರುವಷ್ಟು ಹೊತ್ತು ನನಗೇನೂ ಆಗಲಿಲ್ಲವಲ್ಲ!" ಸ್ವಾಮಿ, ನಾನು ಹೇಳುತ್ತಿರುವುದೂ ಅದನ್ನೇ. ಅಂದಹಾಗೆ, ಆ ಫೋನ್ ರಾಂಗ್ ನಂಬರ್.

ಹಾಗಾಗಿ ಕೊನೆಯ ಎರಡು ನಿಮಿಷ ಕೆಳಗಿನ ಹಲಗೆಗೆ ಇಳಿದು, ಕಾಲು ಇಳಿಬಿಟ್ಟು ಕೂತಿರಿ. ಆಮೇಲೆ ಏನನ್ನಾದರೂ ಹಿಡಿದುಕೊಂಡು ಏಳಿ. ಹೊರಗೆ ಬಂದು ಮಾಮೂಲಿ ಗಾಳಿಯಲ್ಲಿ ಐದು ಹತ್ತು ನಿಮಿಷ ಸುಮ್ನೆ ಕೂರಿ. ಉಸಿರು, ಎದೆಬಡಿತ ಹದಕ್ಕೆ ಬರಲಿ. ನಂತರ ಉಗುರುಬೆಚ್ಚಗಿನ ನೀರು, ಮೊದಲು ಪಾದಕ್ಕೆ, ಆಮೇಲೆ ಕೈಗೆ, ಕೊನೆಗೆ ಮೈಗೆ. ಬೇಕಿದ್ದರೆ ಸ್ವಲ್ಪ ಸ್ವಲ್ಪವೇ ತಣ್ಣೀರು.

"ಫಿನ್ಲೆಂಡಿನಲ್ಲಿ ಸೌನಾದಿಂದ ನೇರ ಮಂಜಿನ ಕೆರೆಗೆ ಹಾರುತ್ತಾರಲ್ಲ" ಅಂತ ನನಗೆ ವಿಡಿಯೋ ತೋರಿಸುವವರಿದ್ದಾರೆ. ಅವರಿಗೆ ಚಿಕ್ಕಂದಿನಿಂದ ಅಭ್ಯಾಸ. ನಿಮಗಿದೆಯಾ? ಕೊರೆಯುವ ನೀರು ಮೈಗೆ ತಾಗಿದ ಕೂಡಲೇ ಉಸಿರು ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ, ಬಿಪಿ ಜಿಗಿಯುತ್ತದೆ. ಆಗ ಮುಖ ನೀರಿನೊಳಗಿದ್ದರೆ ನೀರು ಶ್ವಾಸಕೋಶಕ್ಕೇ. ಪಂದ್ಯದ ಹುಚ್ಚಂತೂ ಬೇಡವೇ ಬೇಡ. ಅದೇ ಫಿನ್ಲೆಂಡಿನ ಹೈನೋಲಾ ಊರಿನಲ್ಲಿ 2010ರಲ್ಲಿ, 110 ಡಿಗ್ರಿ ಬಿಸಿಯಲ್ಲಿ ನಡೆದ ವಿಶ್ವ ಸೌನಾ ಪಂದ್ಯದ ಫೈನಲ್‌ನಲ್ಲಿ ಕೂತವರೊಬ್ಬರು ಸತ್ತೇ ಹೋದರು. ಆಮೇಲೆ ಆ ಪಂದ್ಯವನ್ನೇ ನಿಲ್ಲಿಸಿದರು.

ಟೈಮ್ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮದ್ಯ ಕುಡಿದು ಒಳಗೆ ಹೋಗಲೇಬೇಡಿ. ಹೊರಗೆ ಬಂದ ಮೇಲೆ ನೀರು ಕುಡಿಯಿರಿ. ಹೃದಯದ ತೊಂದರೆ ಇದ್ದವರು, ಬಿಪಿ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಜ್ವರ ಇದ್ದಾಗ ಬೇಡ. ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಒದ್ದೆ ಟವೆಲನ್ನು ಒಣಗಲಿ ಅಂತ ಹೀಟರಿನ ಮೇಲೆ ಹಾಕಬೇಡಿ, ಬೆಂಕಿ ಹತ್ತುತ್ತದೆ. ಮತ್ತೆ, ನಿಧಾನವಾಗಿ ಏಳಿ. ನಮಸ್ಕಾರ.