ಮೊದಲ ಸರ್ವರಿನ ಬೀಗ ಮತ್ತು ಬೀಗದ ಕೈ

ಕೇಳುಗ ಬಂಧುಗಳೇ, ನಮಸ್ಕಾರ.

ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಇರುವ ಒಂದು ಯಕ್ಷಗಾನ ಸಂಘ ತನ್ನ ಆಟದ ದಿನಗಳನ್ನು, ಹಳೆಯ ಪ್ರಸಂಗದ ಪ್ರತಿಗಳನ್ನು ಸ್ವಂತ ಜಾಲತಾಣದಲ್ಲಿ ಇಡಬೇಕೆಂದಿದೆ ಎನ್ನೋಣ. ಕ್ಲೌಡ್ ಕಂಪನಿಯಿಂದ ಒಂದು ಸಣ್ಣ ಸರ್ವರ್, ಎಂದರೆ ಸದಾ ಇಂಟರ್‌ನೆಟ್ಟಿನಲ್ಲಿರುವ ಕಂಪ್ಯೂಟರ್, ಬಾಡಿಗೆಗೆ ಹಿಡಿದರೆ ಸಾಕು. 1 ಜಿಬಿ ರ‍್ಯಾಮ್, 25 ಜಿಬಿ ಡಿಸ್ಕ್, ಕಾರ್ಯಾಚರಣ ವ್ಯವಸ್ಥೆಯಾಗಿ ಉಬುಂಟು 24.04 ಎಲ್‌ಟಿಎಸ್ ಆರಿಸಿಕೊಳ್ಳಿ. ಯಂತ್ರ ಬೆಂಗಳೂರಿನದೋ ಮುಂಬಯಿಯದೋ ಇರಲಿ. ಅಮೆರಿಕದ್ದಾದರೆ ಪ್ರತಿ ಕ್ಲಿಕ್ಕಿಗೂ ಕಾಯಬೇಕಾದೀತು.

ಹೊಸಬರು ಎಡವುವುದು ಬೀಗದ ಹತ್ತಿರ. ಸರ್ವರ್ ಎದ್ದ ಸ್ವಲ್ಪ ಹೊತ್ತಿಗೇ ಯಾರ‍್ಯಾರದೋ ಯಂತ್ರಗಳು ದೂರದಿಂದ ಒಳಬರುವ ಬಾಗಿಲಾದ 22ನೆಯ ಪೋರ್ಟ್ ತಟ್ಟಿ ಪಾಸ್‌ವರ್ಡ್ ಊಹಿಸತೊಡಗುತ್ತವೆ. ಹಾಗಾಗಿ ಪಾಸ್‌ವರ್ಡ್ ಬೇಡ, ಎಸ್‌ಎಸ್‌ಎಚ್ ಕೀಲಿ ಬಳಸಿ. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಒಳಹೋಗುವ ವಿಧಾನವೇ ಎಸ್‌ಎಸ್‌ಎಚ್. ನಿಮ್ಮ ಕಂಪ್ಯೂಟರಿನಲ್ಲಿ ಎಸ್‌ಎಸ್‌ಎಚ್-ಕೀಜೆನ್ ಎಂಬ ಆಜ್ಞೆ ಓಡಿಸಿದರೆ ಎರಡು ಫೈಲು ಹುಟ್ಟುತ್ತವೆ. ಡಾಟ್ ಪಬ್ ಎಂದು ಮುಗಿಯುವುದನ್ನು ಮಾತ್ರ ಕಂಪನಿಯ ಪುಟದಲ್ಲಿ ಹಾಕಿ. ಇನ್ನೊಂದನ್ನು ಸಂಘದ ವಾಟ್ಸಾಪ್ ಗುಂಪಿಗೂ ಕಳಿಸಬೇಡಿ.

ಮೊದಲು ರೂಟ್, ಎಂದರೆ ಸರ್ವಾಧಿಕಾರದ ಬಳಕೆದಾರ, ಆಗಿ ಒಳಹೋಗಿ ಹೊಸ ಬಳಕೆದಾರನನ್ನು ಸೇರಿಸಿ, ಬೇಕಾದಾಗ ರೂಟ್‌ನ ಅಧಿಕಾರ ಕೊಡುವ ಸುಡೋ ಗುಂಪಿಗೆ ಹಾಕಿ, ಸರ್ವರಿನಲ್ಲಿರುವ ಆ ಡಾಟ್ ಪಬ್ ಕೀಲಿಯ ಫೈಲನ್ನು ಅವನ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ ನಕಲು ಮಾಡಿ. ಫೋಲ್ಡರಿಗೆ 700, ಫೈಲಿಗೆ 600 ಅನುಮತಿ, ಎಂದರೆ ಒಡೆಯನಿಗೆ ಮಾತ್ರ ಪ್ರವೇಶ. ನಕಲು ಮಾಡಿದ್ದು ರೂಟ್ ಆದ್ದರಿಂದ ಫೈಲಿನ ಒಡೆತನವೂ ರೂಟ್‌ನದೇ ಆಗಿರುತ್ತದೆ. ಚೋನ್ ಆಜ್ಞೆಯಿಂದ ಅದನ್ನು ಹೊಸಬನ ಹೆಸರಿಗೆ ಮಾಡದಿದ್ದರೆ ‘ಪರ್ಮಿಶನ್ ಡಿನೈಡ್’ ಎಂಬ ಉತ್ತರವೇ ಬರುತ್ತದೆ.

ಈಗ ಮೊದಲ ಕಿಟಕಿಯನ್ನು ಮುಚ್ಚದೆ ಎರಡನೆಯದನ್ನು ತೆರೆದು ಹೊಸ ಹೆಸರಿನಲ್ಲಿ ಒಳಹೋಗಿ ನೋಡಿ. ಸುಡೋ ಕೂಡ ನಡೆಯಿತೆಂದರೆ ಮಾತ್ರ ರೂಟ್ ಪ್ರವೇಶವನ್ನೂ ಪಾಸ್‌ವರ್ಡನ್ನೂ ನಿಲ್ಲಿಸಿ. ಇದರಲ್ಲೊಂದು ಗುಟ್ಟಿದೆ. ಎಸ್‌ಎಸ್‌ಎಚ್‌ನ ಮುಖ್ಯ ಸೆಟ್ಟಿಂಗ್ ಫೈಲಿನಲ್ಲಿ ಪಾಸ್‌ವರ್ಡ್‌ಗೆ ‘ನೋ’ ಎಂದು ಬರೆದರೂ ಕೆಲವೊಮ್ಮೆ ಅದು ಚಾಲ್ತಿಯಲ್ಲೇ ಉಳಿಯುತ್ತದೆ. ಪಕ್ಕದ ಫೋಲ್ಡರಿನಲ್ಲಿ ಕ್ಲೌಡ್-ಇನಿಟ್, ಎಂದರೆ ಸರ್ವರನ್ನು ಮೊದಲ ಸಲ ಅಣಿಗೊಳಿಸುವ ತಂತ್ರಾಂಶ, ಇಟ್ಟ ಸಣ್ಣ ಫೈಲು ‘ಯೆಸ್’ ಎನ್ನುತ್ತಿರುತ್ತದೆ, ಎಸ್‌ಎಸ್‌ಎಚ್ ಮೊದಲು ಓದಿದ್ದನ್ನೇ ಹಿಡಿಯುತ್ತದೆ. ಸುಡೋ ಎಸ್‌ಎಸ್‌ಎಚ್‌ಡಿ, ಹೈಫನ್, ದೊಡ್ಡಕ್ಷರದ ಟಿ ಎಂದು ಕೊಟ್ಟರೆ ಎಲ್ಲ ಫೈಲುಗಳನ್ನು ಓದಿ ಕೊನೆಗೆ ಯಾವ ಮಾತು ನಿಲ್ಲುತ್ತದೆ ಎಂಬುದು ಕಾಣುತ್ತದೆ.

ಯಾವ ಪೋರ್ಟಿಗೆ ಪ್ರವೇಶ ಎಂದು ಕಾಯುವ ಫೈರ್‌ವಾಲ್‌ನಲ್ಲೂ ಕ್ರಮ ತಪ್ಪಬಾರದು. ಉಬುಂಟುವಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯುಗೆ ಮೊದಲು ಓಪನ್‌ಎಸ್‌ಎಸ್‌ಎಚ್, ಜಾಲತಾಣದ 80, 443 ಪೋರ್ಟುಗಳನ್ನು ಬಿಡಲು ಹೇಳಿ, ಅದಾದ ಮೇಲೆ ಚಾಲೂ ಮಾಡಿ. ತಿರುಗಾಮುರುಗಾ ಆದರೆ ಮುಂದಿನ ಸಲ ನಿಮಗೇ ಬಾಗಿಲು ತೆರೆಯದು. ಆಗ ಕಂಪನಿಯ ಪುಟದಲ್ಲಿರುವ ಕನ್ಸೋಲ್ ಒಂದೇ ದಾರಿ.

ನಮ್ಮ ಕಡೆ ಆಟಿಯ ಮಳೆಗೆ ಕರೆಂಟು, ಇಂಟರ್‌ನೆಟ್ಟು ಎರಡೂ ಹೋಗುತ್ತವಲ್ಲ, ಸರ್ವರಿನ ತಂತ್ರಾಂಶದ ಅಪ್‌ಗ್ರೇಡ್ ನಡುವೆ ಸಂಪರ್ಕ ಕಡಿದರೆ ಕೆಲಸ ಅರ್ಧಕ್ಕೇ ನಿಂತೀತು. ಮೊದಲೇ ಸರ್ವರಿನಲ್ಲಿ ಟೀಮಕ್ಸ್ ಎಂಬ ತಂತ್ರಾಂಶ ತೆರೆದು ಅದರೊಳಗೆ ಓಡಿಸಿ. ನೀವು ಕಡಿದುಹೋದರೂ ಅದು ಅಲ್ಲಿ ನಡೆಯುತ್ತಲೇ ಇರುತ್ತದೆ. ಮತ್ತೆ ಬಂದು ಟೀಮಕ್ಸ್ ಅಟ್ಯಾಚ್ ಎಂದರೆ ಬಿಟ್ಟಲ್ಲಿಂದ ಕಾಣುತ್ತದೆ.

ಇನ್ನು ಬಾಡಿಗೆ. ಮೇ ಕೊನೆಯ ಪತ್ತನಾಜೆಗೆ ಆಟ ನಿಂತಿತು, ಸರ್ವರನ್ನೂ ಆಫ್ ಮಾಡಿದೆವು ಎಂದು ನಿಶ್ಚಿಂತರಾಗಬೇಡಿ. ಕೆಲವು ಕಂಪನಿಗಳಲ್ಲಿ ಆಫ್ ಇದ್ದರೂ ಪೂರ್ತಿ ಬಾಡಿಗೆ, ಕೆಲವದರಲ್ಲಿ ಡಿಸ್ಕಿನದೂ ಐಪಿ ವಿಳಾಸದ್ದೂ ಲೆಕ್ಕ ಓಡುತ್ತದೆ. ಸ್ನ್ಯಾಪ್‌ಶಾಟ್, ಎಂದರೆ ಇಡೀ ಡಿಸ್ಕಿನ ಪ್ರತಿ, ತೆಗೆದು ಸರ್ವರನ್ನು ಡಿಲೀಟ್ ಮಾಡಿದರೆ ಸ್ನ್ಯಾಪ್‌ಶಾಟಿನ ಸಣ್ಣ ಮೊತ್ತವಷ್ಟೇ ಉಳಿಯುತ್ತದೆ. ದೀಪಾವಳಿಗೆ ಅದರಿಂದಲೇ ಹೊಸದನ್ನು ಎಬ್ಬಿಸಬಹುದು. ಐಪಿ ವಿಳಾಸ ಬದಲಾಗಿರುತ್ತದೆ, ಜಾಲತಾಣದ ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ, ಡೊಮೇನಿನ ಎ ರೆಕಾರ್ಡನ್ನೂ ಅಂದೇ ತಿದ್ದಿಬಿಡಿ.

ನಮಸ್ಕಾರ.