ನಾಲ್ಕು ಮೋಟಾರು, ಒಂದು ಬಟನ್: ರಾಕೆಟ್ ಸೊಟ್ಟ ಹೋಗುವುದು ವಯರಿನಿಂದ

[ದೃಶ್ಯ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಮುರಕಲ್ಲಿನ ಪದವು (ಬೋಳುಗುಡ್ಡ). ಸಂಜೆ. ಹಲಗೆಯ ಮೇಲೆ ಕಾರಿನ ಬ್ಯಾಟರಿ, ಆಟೋರಿಕ್ಷಾದ ನಾಲ್ಕು ಇಂಡಿಕೇಟರ್ ಬಲ್ಬು, ಒಂದು ದೊಡ್ಡ ಸುರುಳಿ ವಯರು.]

ಜನವರಿಯಲ್ಲಿ ಕುಂಬಳೆ ಬೆಡಿ, ಅಂದರೆ ಜಾತ್ರೆಯ ಸುಡುಮದ್ದು, ನೋಡಲು ಹೋದವರಿಗೆಲ್ಲ ಗೊತ್ತು, ಬೆಡಿ ಒಂದರ ಹಿಂದೆ ಒಂದು ಹೋದರೇ ಚಂದ. ಮಾಲೆಪಟಾಕಿಯೂ ಹಾಗೆಯೇ. ನಡುವೆ ಒಂದು ಠುಸ್ ಅಂದರೆ ಯಾರೂ ಲೆಕ್ಕ ಇಡುವುದಿಲ್ಲ. ರಾಕೆಟಿನ ಬುಡಕ್ಕೆ ನಾಲ್ಕು ಮೋಟಾರು ಕಟ್ಟಿದವನಿಗೆ ಮಾತ್ರ ಆ ಭಾಗ್ಯ ಇಲ್ಲ. ಅವನಿಗೆ ನಾಲ್ಕೂ ಒಟ್ಟಿಗೆ ಹೊತ್ತಬೇಕು. ಮೂರು ಹೊತ್ತಿ ಒಂದು ಸುಮ್ಮನೆ ಕೂತರೆ ರಾಕೆಟ್ ಒಂದು ಬದಿಗೆ ವಾಲಿಕೊಂಡು, ಅಡಿಕೆ ತೋಟದ ಮೇಲೆಯೇ ಹೋದೀತು.

ಮೊದಲೇ ಹೇಳಿಬಿಡುತ್ತೇನೆ, ಇವತ್ತು ಇಲ್ಲಿ ಬಲ್ಬು ಮಾತ್ರ ಉರಿಯುತ್ತದೆ. ಮದ್ದು ಇಲ್ಲ. ನಮ್ಮದೇ ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರ್ ಕೊನೆಗೆ, ಕಳಿಯಾಟದ (ತೆಯ್ಯಂ ಉತ್ಸವದ) ರಾತ್ರಿ ಬೆಡಿಮದ್ದಿನ ದಾಸ್ತಾನಿಗೆ ಕಿಡಿ ಹಾರಿ ನೂರೈವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡದ್ದು ಯಾರಿಗೂ ಮರೆತಿಲ್ಲ. ಮನೆಯಲ್ಲಿ ಮದ್ದು ಅರೆದು ರಾಕೆಟ್ ಮಾಡುವ ವಿಡಿಯೋ ಹುಡುಕಿ ಬಂದಿದ್ದರೆ ಇಲ್ಲಿಂದಲೇ ಹೊರಡಬಹುದು.

[ಶೀರ್ಷಿಕೆ ತೆರೆ]

ನಮ್ಮಲ್ಲಿ ಮೋಟಾರು ಅಂದರೆ ತೋಟದ ಪಂಪು. ರಾಕೆಟಿನವರಿಗೆ ಮೋಟಾರು ಅಂದರೆ ಗಟ್ಟಿ ಇಂಧನ ತುಂಬಿದ ಕೊಳವೆ. ಹವ್ಯಾಸದ ರಾಕೆಟಿನಲ್ಲಿ ಅದಕ್ಕೆ ಅಕ್ಷರಗಳ ಲೆಕ್ಕ: ಎ, ಬಿ, ಸಿ ಅಂತ ಒಂದೊಂದು ಅಕ್ಷರ ಮೇಲೆ ಹೋದ ಹಾಗೆ ಒಟ್ಟು ನೂಕಿನ (ನೂಕುವ ಬಲ ಗುಣಿಸು ಉರಿಯುವ ಸಮಯ) ಮಿತಿ ದುಪ್ಪಟ್ಟು. ಎಚ್‌ಗೆ ಬರುವಾಗ 160ರಿಂದ 320 ನ್ಯೂಟನ್-ಸೆಕೆಂಡ್. ಅಮೆರಿಕದಲ್ಲಿ ಎಚ್‌ನಿಂದ ಮೇಲಿನದ್ದನ್ನು ಹೈ ಪವರ್ ಅನ್ನುತ್ತಾರೆ. 1957ರಲ್ಲಿ ಶುರುವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ, ಮತ್ತೆ ಟ್ರಿಪೊಲಿ, ಈ ಎರಡು ಸಂಘಗಳು ಹಾರಿಸುವವನನ್ನು ಪರೀಕ್ಷಿಸಿ ಮೂರು ಹಂತದಲ್ಲಿ ಸರ್ಟಿಫಿಕೇಟ್ ಕೊಡುತ್ತವೆ. ಅದು ಇದ್ದವರಿಗೆ ಮಾತ್ರ ಆ ದರ್ಜೆಯ ಕಂಪೆನಿ ಮೋಟಾರು ಸಿಗುವುದು.

ಹಲವು ಮೋಟಾರು ಒಟ್ಟಿಗೆ ಕಟ್ಟಿದರೆ ಅದು ಕ್ಲಸ್ಟರ್. ನಮ್ಮ ಪಿಎಸ್‌ಎಲ್‌ವಿ ಎಕ್ಸ್ಎಲ್ ಕೂಡ ಒಂದು ನಮೂನೆಯ ಕ್ಲಸ್ಟರೇ. ನಡುವೆ ದೊಡ್ಡ ಮೋಟಾರು, ಸುತ್ತ ಆರು ಸಣ್ಣವು. ಆದರೆ ಅಲ್ಲಿ ಆರೂ ಒಂದೇ ಸಲ ಹೊತ್ತುವುದಿಲ್ಲ. ನಡುವಿನದ್ದು ಮೊದಲು, ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಎದುರುಬದುರಿನ ಎರಡು, ಆಮೇಲೆ ಇನ್ನೆರಡು. ಉಳಿದ ಎರಡು ಆಕಾಶಕ್ಕೆ ಹೋದ ಮೇಲೆ, ಸುಮಾರು 25 ಸೆಕೆಂಡಿಗೆ. ಜೋಡಿ ಜೋಡಿಯಾಗಿ ಹೊತ್ತಿಸಿದರೆ ಒಂದು ಬದಿಗೆ ಎಳೆತ ಇರುವುದಿಲ್ಲ.

ಇಸ್ರೋದವರಿಗೂ ಬೆಂಕಿ ಕೈಕೊಟ್ಟದ್ದುಂಟು. 1987ರ ಮಾರ್ಚ್ 24ಕ್ಕೆ ಶ್ರೀಹರಿಕೋಟದಿಂದ ಮೊದಲ ಎಎಸ್‌ಎಲ್‌ವಿ ಹೋಯಿತು. ಪಕ್ಕದ ಎರಡು ಮೋಟಾರು ಸರಿಯಾಗಿಯೇ ಉರಿದು ಮುಗಿದವು. ಆಮೇಲೆ ಹೊತ್ತಬೇಕಾದ ನಡುವಿನ ಮೋಟಾರು ಹೊತ್ತಲೇ ಇಲ್ಲ. ಕತೆ ಅಲ್ಲಿಗೇ ಮುಗಿಯಿತು.

[ದೃಶ್ಯ: ಹಲಗೆಯ ಮೇಲೆ ನಾಲ್ಕು ಬಲ್ಬು ಸಾಲಾಗಿ.]

ಈಗ ವಯರಿಗೆ ಬರೋಣ. ಪ್ರತಿ ಮೋಟಾರಿನ ಒಳಗೆ ಒಂದು ಇಗ್ನೈಟರ್ ಇರುತ್ತದೆ. ತುದಿಯಲ್ಲಿ ಕೂದಲಿನಷ್ಟು ಸಪೂರದ ತಂತಿ, ಅದರ ಮೇಲೆ ಬೇಗ ಹೊತ್ತುವ ಲೇಪ. ಕರೆಂಟು ಹರಿದರೆ ತಂತಿ ಕಾದು ಲೇಪ ಹೊತ್ತುತ್ತದೆ, ಅದರಿಂದ ಇಂಧನ.

ನಾಲ್ಕನ್ನೂ ಮಾಲೆಯ ಹಾಗೆ ಒಂದಕ್ಕೊಂದು ಪೋಣಿಸಿದರೆ, ಅಂದರೆ ಸೀರೀಸ್ ಮಾಡಿದರೆ ಎಂತ ಆಗುತ್ತದೆ? ನೋಡಿ, ಒಂದು ಬಲ್ಬು ಕೀಳುತ್ತೇನೆ. [ನಾಲ್ಕೂ ಆರುತ್ತವೆ.] ಎಲ್ಲಕ್ಕಿಂತ ಚುರುಕಿನ ಇಗ್ನೈಟರ್ ಮೊದಲು ಸುಟ್ಟು ತುಂಡಾದರೆ ಉಳಿದ ಮೂರಕ್ಕೆ ಕರೆಂಟೇ ಇಲ್ಲ. ಹಾಗಾಗಿ ಪ್ಯಾರಲಲ್. ಎಲ್ಲರ ಒಂದು ಕಾಲು ಪ್ಲಸ್ಸಿಗೆ, ಇನ್ನೊಂದು ಮೈನಸ್ಸಿಗೆ. ಇಷ್ಟು ಶಾಲೆಯ ಮಕ್ಕಳಿಗೂ ಗೊತ್ತು.

ಗೊತ್ತಿದ್ದೂ ಸೋಲುವುದು ಎಲ್ಲಿ ಅಂದರೆ, ಇಲ್ಲಿ.

[ದೃಶ್ಯ: ವಯರಿನ ಸುರುಳಿ ಬಿಚ್ಚುತ್ತ ಇಪ್ಪತ್ತು ಮೀಟರ್ ನಡೆಯುವುದು. ಬಟನ್ ಒತ್ತಿದರೆ ನಾಲ್ಕೂ ಬಲ್ಬು ಮಂಕು.]

ಬ್ಯಾಟರಿ ಹೊಸತು. ಆದರೂ ಮಂಕು. ಕ್ಯಾಮೆರಾ ಹಿಡಿದಿರುವ ನನ್ನ ಭಾವ ಪಂಪು ರಿಪೇರಿಯವರು. ಅವರು ಕ್ಯಾಮೆರಾದ ಹಿಂದಿನಿಂದಲೇ ತೀರ್ಪು ಕೊಟ್ಟರು: "ಬೇಟ್ರಿಯ ದೋಷ ಅಲ್ಲ ಭಾವ, ವಯರು ಸಪೂರ ಆತು." ಬೇಸಗೆಯಲ್ಲಿ ಮನೆಯಿಂದ ತೋಟದ ಕೆರೆಯವರೆಗೆ ಸಪೂರ ವಯರು ಎಳೆದ ಪಂಪು ಗುಂಯ್ ಅಂತ ಕೂತುಬಿಡುತ್ತದಲ್ಲ, ಅದೇ ರೋಗ.

ಲೆಕ್ಕ ಹಾಕೋಣ. ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವಯರು, 20 ಮೀಟರ್ ದೂರ. ಹೋಗಿ ಬರಲು 40 ಮೀಟರ್. ಅದರ ರೆಸಿಸ್ಟೆನ್ಸ್ ಹತ್ತಿರ ಹತ್ತಿರ ಅರ್ಧ ಓಮ್. ಇಗ್ನೈಟರ್ ತಲಾ ಒಂದು ಓಮ್ ಅಂತ ಇಟ್ಟುಕೊಂಡರೆ ಪ್ಯಾರಲಲ್‌ನಲ್ಲಿ ನಾಲ್ಕು ಸೇರಿ ಕಾಲು ಓಮ್. ಅಂದರೆ ಇಗ್ನೈಟರುಗಳಿಗೆ ಸಿಕ್ಕಿದ್ದಕ್ಕಿಂತ ದುಪ್ಪಟ್ಟು ಶಾಖ ದಾರಿಯ ವಯರಿನಲ್ಲೇ ಹೋಯಿತು! 12 ವೋಲ್ಟಿಗೆ ಒಟ್ಟು 16 ಆಂಪಿಯರ್, ತಲಾ 4.

ನಾಲ್ಕು ಆಂಪಿಯರ್ ಸಾಕಲ್ಲ ಅನ್ನಬಹುದು. ಸಾಕು, ಎಲ್ಲ ಕ್ಲಿಪ್ಪೂ ಹೊಸತಿದ್ದರೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ, ಆರು ತಿಂಗಳ ಮಳೆಗೆ ಮೊಸಳೆ ಕ್ಲಿಪ್ಪು ಒಂದೇ ವರ್ಷದಲ್ಲಿ ಹಸಿರು ಕಟ್ಟುತ್ತದೆ. ಒಂದು ಕ್ಲಿಪ್ಪಿನಲ್ಲಿ ಒಂದು ಓಮ್ ಹೆಚ್ಚಾಯಿತು ಅಂತ ಇಡಿ. ಉಳಿದ ಮೂರಕ್ಕೆ 4.4 ಆಂಪಿಯರ್ ಹೋಗುತ್ತದೆ, ಆ ಒಂದಕ್ಕೆ 2.2. ಕರೆಂಟು ಅರ್ಧವಾದರೆ ಶಾಖ ಕಾಲು ಪಾಲಾಗುತ್ತದೆ, ಯಾಕೆಂದರೆ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ. ಮೂರು ಫಳಕ್ಕನೆ ಹೊತ್ತುವಾಗ ನಾಲ್ಕನೆಯದು ಇನ್ನೂ ಬೆಚ್ಚಗಾಗುತ್ತಾ ಇರುತ್ತದೆ.

ಈಗ ಬ್ಯಾಟರಿಯನ್ನೇ ಎತ್ತಿಕೊಂಡು ರಾಕೆಟಿನ ಬುಡಕ್ಕೆ ಇಡೋಣ. ನಡುವೆ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್ಚು. ಕಾರಿನ ಕೀ ತಿರುಗಿಸಿದಾಗ ಸಪೂರ ವಯರಿನಲ್ಲಿ ಸಂದೇಶ ಮಾತ್ರ ಹೋಗುತ್ತದೆ, ಸ್ಟಾರ್ಟರಿಗೆ ಕರೆಂಟು ಒಯ್ಯುವುದು ದಪ್ಪ ಕೇಬಲ್. ಇಲ್ಲೂ ಅದೇ ಉಪಾಯ. ದೂರದ ವಯರು ರಿಲೇಯನ್ನು ಎಳೆದರೆ ಸಾಕು. ಬ್ಯಾಟರಿಯಿಂದ ಇಗ್ನೈಟರಿಗೆ ಒಂದೇ ಮೀಟರ್ ದಪ್ಪ ಕೇಬಲ್. ದಾರಿಯ ಒಟ್ಟು ನಷ್ಟ 0.05 ಓಮಿಗೆ ಇಳಿಯಿತು ಅಂತ ಹಿಡಿಯಿರಿ. ತಲಾ 10 ಆಂಪಿಯರ್ ಬಂತು. ಈಗ ಅದೇ ಹಸಿರು ಕಟ್ಟಿದ ಕ್ಲಿಪ್ಪು ಹಾಕಿದರೂ ಆ ನಾಲ್ಕನೆಯದಕ್ಕೆ 5 ಆಂಪಿಯರ್ ಸಿಗುತ್ತದೆ. ಮೊದಲಿನ ವ್ಯವಸ್ಥೆಯಲ್ಲಿ ಒಳ್ಳೆಯ ಕ್ಲಿಪ್ಪಿಗೆ ಸಿಕ್ಕಿದ್ದಕ್ಕಿಂತ ಹೆಚ್ಚು!

[ದೃಶ್ಯ: ಬಟನ್. ನಾಲ್ಕೂ ಬಲ್ಬು ಝಗ್ಗನೆ.]

ಈ ಒಂದು ಲೆಕ್ಕ ತಲೆಗೆ ಹೋದರೆ ಈ ವಿಡಿಯೋ ಮಾಡಿದ್ದು ಸಾರ್ಥಕ. ಕ್ಲಿಪ್ಪಿಗೆ ಉಪ್ಪು ಕಾಗದ ಉಜ್ಜುವುದು, ಇಗ್ನೈಟರ್ ಎಲ್ಲ ಒಂದೇ ಕಂಪೆನಿಯ ಒಂದೇ ಪೆಟ್ಟಿಗೆಯಿಂದ ತೆಗೆಯುವುದು, ಬರಿಯ ತಂತಿ ಒಂದಕ್ಕೊಂದು ತಾಗದ ಹಾಗೆ ಟೇಪ್ ಸುತ್ತುವುದು, ಎಲ್ಲ ಬೇಕು. ತಾಗಿದರೆ ಅಲ್ಲೇ ಶಾರ್ಟ್, ಉಳಿದವರಿಗೆ ಉಪವಾಸ. ಅದೆಲ್ಲ ಆಮೇಲೆ.

ಇನ್ನು ಸಮಯದ ವಿಷಯ. ನನಗೆ ಎಲ್ಲಕ್ಕಿಂತ ರುಚಿ ಅನಿಸಿದ್ದು ಇದೇ.

ನಾಲ್ಕೂ ಸೇರಿ ರಾಕೆಟಿನ ತೂಕದ ಐದು ಪಟ್ಟು ನೂಕುತ್ತವೆ ಅಂತ ಇಡಿ. ಹಾಗಾದರೆ ಒಂದೇ ಹೊತ್ತಿದರೂ ತೂಕದ ಒಂದೂಕಾಲು ಪಟ್ಟು ಇದೆ. ಅಂದರೆ ಅದು ಉಳಿದವರಿಗೆ ಕಾಯುವುದಿಲ್ಲ, ಮೆಲ್ಲ ಏಳಲು ಶುರುಮಾಡುತ್ತದೆ. ಹತ್ತನೇ ಒಂದು ಸೆಕೆಂಡಿಗೆ ಬರೀ ಒಂದು ಸೆಂಟಿಮೀಟರ್ ಏಳುತ್ತದೆ. 0.3 ಸೆಕೆಂಡಿಗೆ 11 ಸೆಂಟಿಮೀಟರ್. ಅರ್ಧ ಸೆಕೆಂಡಿಗೆ 30. ಅಷ್ಟರಲ್ಲಿ ಉಳಿದ ಇಗ್ನೈಟರುಗಳ ವಯರು ಬಿಗಿದು, ಮೋಟಾರಿನಿಂದ ಕಿತ್ತುಕೊಂಡು ನೆಲದಲ್ಲಿ ಉಳಿಯುತ್ತವೆ. ಬಟನ್ ಇನ್ನೂ ಒತ್ತಿಯೇ ಇದ್ದರೂ ಪ್ರಯೋಜನ ಇಲ್ಲ.

ಇಲ್ಲಿ ಇಂಧನದ ಸ್ವಭಾವವೂ ಸೇರುತ್ತದೆ. ಸಣ್ಣ ರಾಕೆಟಿನ ಕಪ್ಪುಮದ್ದಿನ ಮೋಟಾರು ಬಾಯಿಯ ಹತ್ತಿರವೇ, ಕಿಡಿ ತಾಗಿದ ಕೂಡಲೇ ಹೊತ್ತುತ್ತದೆ. ದೊಡ್ಡದರಲ್ಲಿ ಇರುವುದು ಅಮೋನಿಯಂ ಪರ್‌ಕ್ಲೋರೇಟ್ ಬೆರೆಸಿದ ರಬ್ಬರಿನಂಥ ಇಂಧನ, ನಡುವೆ ಉದ್ದಕ್ಕೆ ತೂತು. ಅದು ತಣ್ಣನೆಯ ಪ್ರಾಣಿ. ಒಳಗೆ ಒತ್ತಡ ಏರುವವರೆಗೆ ನಿಜವಾದ ನೂಕು ಇಲ್ಲ. ಹಾಗಾಗಿ ಇಗ್ನೈಟರ್ ತೂತಿನ ಮೇಲ್ತುದಿಯವರೆಗೆ ಹೋಗಿ ಮುಟ್ಟಬೇಕು. ಆಗ ಮಾತ್ರ ಬೆಂಕಿ ಇಡೀ ತೂತನ್ನು ಸವರಿಕೊಂಡು ಕೆಳಗೆ ಬರುತ್ತದೆ. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಅರ್ಧಕ್ಕೆ ನಿಂತರೆ ಎರಡರ ನಡುವೆ ಅರ್ಧ ಸೆಕೆಂಡು ಅಂತರ ಬಂದರೂ ಬಂತು. ಎರಡೂ ಜಾತಿಯ ಮೋಟಾರನ್ನು ಬೆರೆಸಿ ನೆಲದಿಂದಲೇ ಹೊತ್ತಿಸಲು ಹೋದವರ ರಾಕೆಟ್, ಕಪ್ಪುಮದ್ದಿನ ಬಲದಲ್ಲೇ ಹಾರಿಹೋಗುತ್ತದೆ.

ಸೋಯುಜ್ ರಾಕೆಟಿನ ರಷ್ಯನ್ನರ ಉಪಾಯ ಕೇಳಿದರೆ ನಗು ಬರುತ್ತದೆ. ಅಲ್ಲಿ ಪ್ರತಿ ನಳಿಗೆಯ ಒಳಗೆ ಮರದ ಕೋಲಿನ ಮೇಲೆ ಕಿಡಿ ಕಾರುವ ಮದ್ದು ಕಟ್ಟಿ ತೂರಿಸುತ್ತಾರೆ, ದೊಡ್ಡ ಬೆಂಕಿಕಡ್ಡಿಯ ಹಾಗೆ. ಜೊತೆಗೆ ಒಂದು ಹಿತ್ತಾಳೆ ತಂತಿ. ಬೆಂಕಿ ಬಂದರೆ ತಂತಿ ಸುಟ್ಟು ತುಂಡಾಗುತ್ತದೆ, ಹೊತ್ತಿತು ಅಂತ ಸುದ್ದಿ ಹೋಗುತ್ತದೆ. ಎಲ್ಲ ಕಡೆಯಿಂದ ಸುದ್ದಿ ಬಾರದೆ ಮುಂದಿನ ಹೆಜ್ಜೆ ಇಲ್ಲ. ದ್ರವ ಇಂಧನ, ನಿಲ್ಲಿಸಬಹುದು. ನಮ್ಮ ಗಟ್ಟಿ ಇಂಧನ ಒಮ್ಮೆ ಹೊತ್ತಿದರೆ ಮುಗಿಯಿತು, ತಡೆಯುವವರಿಲ್ಲ.

ಅದಕ್ಕೇ ಕ್ಲಸ್ಟರ್ ಕಟ್ಟುವವರು ಒಂದು ಹೊತ್ತದೇ ಹೋಗುತ್ತದೆ ಅಂತಲೇ ಇಟ್ಟುಕೊಂಡು ರಾಕೆಟ್ ಮಾಡಬೇಕು. ಮೋಟಾರುಗಳು ನಡುಗೆರೆಗೆ ಆದಷ್ಟು ಹತ್ತಿರ, ರೆಕ್ಕೆ ಸ್ವಲ್ಪ ದೊಡ್ಡದು, ಮೂರರಲ್ಲೇ ಎತ್ತುವಷ್ಟು ಹಗುರ. ನೋಡುವವರ ದೂರವೂ ಬದಲಾಗುತ್ತದೆ. ಅಮೆರಿಕದ ಸಂಘದ ನಿಯಮದಲ್ಲಿ ಎಚ್ ದರ್ಜೆಗೆ ಒಂದೇ ಮೋಟಾರಾದರೆ 100 ಅಡಿ, ಕ್ಲಸ್ಟರಾದರೆ 200.

ಬಟನ್ ಒತ್ತಿಯೂ ಏನೂ ಆಗದಿದ್ದರೆ? ಬ್ಯಾಟರಿ ಕಳಚಬೇಕು, ಅಥವಾ ಸೇಫ್ಟಿ ಕೀ ತೆಗೆಯಬೇಕು. ಆಮೇಲೆ 60 ಸೆಕೆಂಡು ಯಾರೂ ಹತ್ತಿರ ಹೋಗಬಾರದು. ಅದೂ ನಿಯಮವೇ.

[ದೃಶ್ಯ: ಕೊನೆಯ ಸಲ ಬಟನ್. ಮೂರು ಬಲ್ಬು ಉರಿಯುತ್ತವೆ, ಒಂದು ಇಲ್ಲ. ನಿರೂಪಕ ಬ್ಯಾಟರಿಯ ಕ್ಲಿಪ್ಪು ಕಳಚಿ, ಹಿಂದೆ ಬಂದು ವಾಚು ನೋಡುತ್ತಾ ನಿಲ್ಲುತ್ತಾನೆ.]

ಭಾವ (ಕ್ಯಾಮೆರಾದ ಹಿಂದಿನಿಂದ): ಬಲ್ಬಿಂಗೂ ಕಾಯೆಕ್ಕಾ ಭಾವ?

[ನಿರೂಪಕ ಉತ್ತರಿಸುವುದಿಲ್ಲ. ತೆರೆಯ ಮೂಲೆಯಲ್ಲಿ 60, 59, 58.]