ಅದು ಹಠ ಅಲ್ಲ, ನೋವು

ನಮಸ್ಕಾರ ಕೇಳುಗರೇ. ನಾನು ಮಕ್ಕಳ ಕ್ಯಾನ್ಸರ್ ವಾರ್ಡಲ್ಲಿ ನರ್ಸು. ಅಮ್ಮಂದಿರು ದಿನಾ ಹೇಳೋ ಮಾತು ಒಂದೇ, "ಸಿಸ್ಟರ್, ಒಂದು ತುತ್ತೂ ತಿಂತಿಲ್ಲ, ಬರೀ ಹಠ." ಮೊನ್ನೆ ಆರು ವರ್ಷದ ಹುಡುಗ ಒಬ್ಬ ಉಗುಳು ನುಂಗೋಕೂ ಆಗ್ದೆ ಬಾಯಿಗೆ ಟವಲ್ ಒತ್ಕೊಂಡು ಕೂತಿದ್ದ, ಬಾಯಿ ತೆಗಿ ಪುಟ್ಟಾ ಅಂತ ಟಾರ್ಚ್ ಬಿಟ್ಟು ನೋಡಿದ್ರೆ ಕೆನ್ನೆ ಒಳಗೆ, ನಾಲಿಗೆ ಅಂಚಲ್ಲಿ ಎಲ್ಲಾ ಚರ್ಮ ಸುಲಿದು ಕೆಂಪಗಾಗಿತ್ತು. ಪಾಪ, ಹೇಗೆ ತಿನ್ನತ್ತೆ ಹೇಳಿ ಮಗು?

ಕೀಮೋ, ಅಂದ್ರೆ ಕ್ಯಾನ್ಸರಿಗೆ ಕೊಡೋ ಔಷಧಿ, ಬೇಗ ಬೇಗ ಬೆಳೆಯೋ ಜೀವಕೋಶಗಳನ್ನ ಹೊಡೆಯತ್ತೆ, ಬಾಯಿ ಒಳಪದರ, ಕೂದಲ ಬುಡ ಎಲ್ಲಾ ಅದ್ರಲ್ಲೇ ಸಿಕ್ಕಿಬೀಳತ್ತೆ, ಬ್ಲಡ್ ಕ್ಯಾನ್ಸರಿಗೆ ಮೆಥೋಟ್ರೆಕ್ಸೇಟ್ ಅನ್ನೋ ಕೀಮೋ ಔಷಧಿ ಜಾಸ್ತಿ ಡೋಸಲ್ಲಿ ಕೊಟ್ಟಾಗಂತೂ ಹುಣ್ಣಿನ ಕಾಟ ಹೆಚ್ಚು. ಸಾಮಾನ್ಯವಾಗಿ ಕೀಮೋ ಕೊಟ್ಟ 5ರಿಂದ 10 ದಿನದೊಳಗೆ ಶುರುವಾಗತ್ತೆ, ಸೋಂಕು ತಡೆಯೋ ಬಿಳಿ ರಕ್ತಕಣ ಇಳಿಯೋದೂ ಸುಮಾರು ಆಗ್ಲೇ, ಬಾಯಲ್ಲಿರೋ ಕ್ರಿಮಿ ಆ ಗಾಯದಿಂದ ರಕ್ತಕ್ಕೇ ಸೇರ್ಬಹುದು. ಅದಕ್ಕೇ ಜ್ವರ 100.4 ಡಿಗ್ರಿ ಮುಟ್ಟಿದ್ರೆ ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರಿ ಎರಡು ಗಂಟೆಯಾದ್ರೂ ಆಸ್ಪತ್ರೆಗೆ ಹೊರಡಿ.

ಅಜ್ಜಿ ಹೇಳಿದ್ರು ಅಂತ ಜೇನಲ್ಲಿ ಬಿಳಿಗಾರ ತೇಯ್ದು ಹಚ್ಚೋರಿದ್ದಾರೆ, ಪ್ರೀತಿಯಿಂದ್ಲೇ ಮಾಡ್ತಾರೆ, ಆದ್ರೆ ಬಿಳಿಗಾರ ಹೊಟ್ಟೆಗೆ ಹೋದ್ರೆ ವಿಷ, ದಯವಿಟ್ಟು ಬೇಡ. ಕಾಯಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಕೈದು ಸಲ ಮುಕ್ಕಳಿಸಿ ಉಗುಳಿಸಿ, ಬ್ರಷ್ ತುಂಬಾ ಮೆತ್ತಗಿರ್ಲಿ. ಖಾರ ಹುಳಿ ಬಿಟ್ಟು ತಣ್ಣಗಿನ ರಾಗಿ ಮಾಲ್ಟ್, ಮೆತ್ತಗಿನ ಗಂಜಿ ಕೊಡಿ. ಬಿಳಿ ಪದರ ಕಟ್ಟಿದ್ರೆ ಉಜ್ಜಿ ತೆಗೀಬೇಡಿ, ಫಂಗಸ್ ಇರ್ಬಹುದು, ತೋರಿಸಿ. ನೋವು ಜಾಸ್ತಿ ಇದ್ರೆ ಮಾರ್ಫಿನ್ ಅನ್ನೋ ಬಲವಾದ ನೋವಿನ ಔಷಧಿ ಕೂಡ ಕೊಡ್ತಾರೆ, ಆ ಹೆಸರು ಕೇಳಿ ಹೆದರ್ಕೋಬೇಡಿ. ಆ ಹುಡುಗನಿಗೂ ಕೊಟ್ವಿ, ಸಂಜೆಗೆ ಅರ್ಧ ಲೋಟ ಮಾಲ್ಟ್ ಕುಡಿದ.

ಇನ್ನು ಚರ್ಮ. ಡ್ರಿಪ್ ಹಾಕಿರೋ ಕಡೆ ಉರಿ ಅಂದ್ರೆ ತಕ್ಷಣ ನಮ್ಮನ್ನ ಕರೀರಿ, ವಿನ್‌ಕ್ರಿಸ್ಟಿನ್ ಥರದ ಕೀಮೋ ಔಷಧಿ ರಕ್ತನಾಳದಿಂದ ಹೊರಗೆ ಸೋರಿದ್ರೆ ಮಾಂಸ ಸುಟ್ಟ ಹಾಗಾಗತ್ತೆ. ಕಕ್ಕಸಿಗೆ ಹೋಗುವಾಗ ಉರಿಯೋದನ್ನ ದೊಡ್ಡ ಮಕ್ಕಳು ನಾಚ್ಕೊಂಡು ಹೇಳಲ್ಲ, ನೀವೇ ಕೇಳಿ, ಗುದದೊಳಗೆ ಥರ್ಮಾಮೀಟರ್, ಎನಿಮಾ ಏನೂ ಹಾಕ್ಬೇಡಿ. ಪಕ್ಕದ ಮನೆ ಮಗುಗೆ ಅಮ್ಮ ಎದ್ದಿದೆ, ಚಿಕನ್‌ಪಾಕ್ಸ್ ಅಂತ ಗೊತ್ತಾದ್ರೆ ನಿಮ್ಮ ಮಗುಗೆ ಗುಳ್ಳೆ ಬರೋವರೆಗೂ ಕಾಯ್ಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ತಡೆಯೋ ಔಷಧಿ ಇದೆ, ಬೇಗ ಕೊಟ್ಟಷ್ಟೂ ಒಳ್ಳೇದು. ನಮಸ್ಕಾರ.